ನೋಡುವವರ ಪರದೆ, ಆಡುವವರ ಪರದೆ

ಉಡುಗೊರೆ ಕೊಡುವವನಿಗೆ ಇರುವಷ್ಟು ಆತ್ಮವಿಶ್ವಾಸವು ಬೇರೆ ಯಾರಿಗೂ ಇರಲಾರದು. ಪಡೆಯುವವನಿಗೆ ಏನು ಬೇಕೆಂಬುದು ತನಗೆ ಚೆನ್ನಾಗಿ ಗೊತ್ತೆಂದೇ ಅವನು ನಂಬಿರುತ್ತಾನೆ. ಎರಡು ವರ್ಷಗಳ ಹಿಂದೆ ನನ್ನ ಮಗನು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾದಾಗ ನನಗೂ ಅಂಥದೊಂದು ಆತ್ಮವಿಶ್ವಾಸವು ಬಂದಿದ್ದಿತು. ಅವನಿಗೆ ಕಂಪ್ಯೂಟರಿನಲ್ಲಿ ಆಟವಾಡುವ ಹವ್ಯಾಸ. ಅವನ ಸೋದರಮಾವನು ಬಳಸಿ ಬಿಟ್ಟ ಯಂತ್ರವೊಂದು ಮನೆಗೆ ಬಂದಿದ್ದಿತು. ಅದಕ್ಕೆ ಜೋಡಿಸಿದ್ದ ಮಾನಿಟರು ಮಾತ್ರ ಹಳೆಯದು, ಚಿಕ್ಕದು, ಅಂಚಿನಲ್ಲಿ ಹಳದಿಗೆ ತಿರುಗಿದ್ದುದು. ನಾನು ಯಾರನ್ನೂ ಕೇಳಲಿಲ್ಲ. ಒಂದು ಸಂಜೆ ಕಾಲೇಜಿನಿಂದ ಬರುವಾಗ ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ಅಲ್ಲಿದ್ದವುಗಳಲ್ಲೆಲ್ಲ ದೊಡ್ಡದಾಗಿಯೂ ಹೊಳಪಾಗಿಯೂ ಕಂಡ ೩೨ ಅಂಗುಲದ ಬಾಗಿದ ಪರದೆಯೊಂದನ್ನು ಕೊಂಡು, ಆಟೋದಲ್ಲಿ ಮಗುವಿನಂತೆ ತಬ್ಬಿಕೊಂಡು ಕತ್ರಿಗುಪ್ಪೆಗೆ ತಂದೆನು. “ಆಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ ಸಾರ್” ಎಂದು ಅಂಗಡಿಯವನು ಹೇಳಿದ್ದನು. ದೊಡ್ಡದು ಒಳ್ಳೆಯದಾಗಿರಲೇಬೇಕೆಂಬ ನನ್ನ ಹಳೆಯ ನಂಬಿಕೆಗೆ ಆ ಮಾತು ಮುದ್ರೆಯೊತ್ತಿತು.

ಮಗನು ಸಂತೋಷಪಟ್ಟನು, ಅಥವಾ ಸಂತೋಷಪಟ್ಟಂತೆ ಕಂಡನು. ಕೆಲವು ವಾರಗಳು ಕಳೆದ ಮೇಲೆ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದವನು ಅವನ ಕೋಣೆಯ ಬಾಗಿಲ ಸಂದಿನಲ್ಲಿ ಬೆಳಕನ್ನು ಕಂಡು ಇಣುಕಿ ನೋಡಿದೆನು. ಅಟ್ಟದ ಮೇಲಿದ್ದ ಹಳೆಯ ಮಾನಿಟರನ್ನು ಇಳಿಸಿ, ಗೋಡೆಗೆ ಒರಗಿಸಿಕೊಂಡು, ಅದರಲ್ಲಿ ಅವನು ಆಡುತ್ತಿದ್ದನು. ನಾನು ಕೊಟ್ಟ ದೊಡ್ಡ ಪರದೆಯು ಪಕ್ಕದಲ್ಲಿ ಟವೆಲು ಹೊದ್ದು ಕುಳಿತಿದ್ದಿತು. ಬೆಳಗಾದ ಮೇಲೆ ನೋಡಿದರೆ ಎಲ್ಲವೂ ಮೊದಲಿನಂತೆಯೇ. ಹಳೆಯದು ಮತ್ತೆ ಅಟ್ಟವನ್ನು ಸೇರಿದ್ದಿತು. ಅಪ್ಪನಿಗೆ ನೋವಾಗಬಾರದೆಂದು ಹುಡುಗನು ಈ ಕಸರತ್ತನ್ನು ನಡೆಸುತ್ತಿದ್ದನು. ನಾನೂ ಕಂಡುದನ್ನು ಹೇಳಲಿಲ್ಲ. ಹೀಗೆ ತಂದೆಮಕ್ಕಳಿಬ್ಬರೂ ಒಬ್ಬರಿಗೊಬ್ಬರು ಮರೆಮಾಡಿಕೊಂಡು ಎರಡು ವರ್ಷಗಳನ್ನು ಕಳೆದೆವು.

ಈ ವರ್ಷ ಅವನು ದ್ವಿತೀಯ ಪಿ.ಯು.ಸಿ. ಮುಗಿಸಿದನು. ಹಬ್ಬಹುಣ್ಣಿಮೆಗಳಲ್ಲಿ ಬಂಧುಗಳು ಕೈಗಿತ್ತ ಹಣವನ್ನೂ, ನೆರೆಮನೆಯ ಮಕ್ಕಳಿಬ್ಬರಿಗೆ ಗಣಿತ ಹೇಳಿಕೊಟ್ಟು ಗಳಿಸಿದುದನ್ನೂ ಕೂಡಿಟ್ಟಿದ್ದನು. ಒಂದು ದಿನ ಊಟದ ಹೊತ್ತಿನಲ್ಲಿ ತಟ್ಟೆಯನ್ನೇ ನೋಡುತ್ತ ಹೇಳಿದನು: “ಅಪ್ಪಾ, ಆಟಕ್ಕೆ ಒಂದು ಮಾನಿಟರ್ ಕೊಳ್ಳಬೇಕೆಂದಿದ್ದೇನೆ. ನೀವೂ ಬನ್ನಿ. ಆದರೆ ಹೋಗುವ ಮೊದಲು ಇಬ್ಬರೂ ಸ್ವಲ್ಪ ಓದಿಕೊಳ್ಳೋಣ.” ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವವನಿಗೆ ‘ಓದಿಕೊಂಡು ಬನ್ನಿ’ ಎಂದು ಮಗನೇ ಹೇಳಬೇಕಾಯಿತು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಆದುದರಿಂದಲೇ ಅದು ಹೆಚ್ಚು ಚುಚ್ಚಿತು.

ಓದತೊಡಗಿದ ಮೇಲೆ ಮೊದಲು ಕರಗಿದುದು ಆಟಗಳ ವಿಷಯದಲ್ಲಿ ನನಗಿದ್ದ ತಾತ್ಸಾರ. ಕಂಪ್ಯೂಟರ್ ಆಟವೆಂಬುದು ನಿನ್ನೆ ಮೊನ್ನೆಯ ಹುಡುಗಾಟವೆಂದು ನಾನು ತಿಳಿದಿದ್ದೆನು. ೧೯೫೮ರಲ್ಲಿಯೇ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು, ಪ್ರಯೋಗಾಲಯವನ್ನು ನೋಡಲು ಬರುವವರ ಬೇಸರ ಕಳೆಯಲೆಂದು, ಆಸಿಲೋಸ್ಕೋಪಿನ ಪುಟ್ಟ ದುಂಡು ಪರದೆಯ ಮೇಲೆ ಇಬ್ಬರು ಆಡುವ ಟೆನಿಸ್ ಆಟವೊಂದನ್ನು ರಚಿಸಿದನು. ಗುಬುಟು ತಿರುಗಿಸಿ ಗುಂಡಿಯನ್ನೊತ್ತಿದರೆ ಬೆಳಕಿನ ಚುಕ್ಕೆಯೊಂದು ಬಲೆಯನ್ನು ದಾಟಿ ಹಾರುತ್ತಿದ್ದಿತು. ಜನ ಸಾಲುಗಟ್ಟಿ ನಿಂತರು. ದೂರದ ಮಾತೇಕೆ? ನಮ್ಮ ಬೆಂಗಳೂರಿನಲ್ಲಿಯೇ ೧೯೯೭ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ವರ್ಷಗಟ್ಟಲೆ ವಿದೇಶದ ಆಟಗಳಿಗೆ ಚಿತ್ರಕೆಲಸವನ್ನು ಮಾಡಿಕೊಟ್ಟು, ೨೦೧೯ರಲ್ಲಿ ರಾಕ್‌ಸ್ಟಾರ್ ಎಂಬ ದೊಡ್ಡ ಆಟದ ಕಂಪನಿಗೆ ಸೇರಿತು. ಮಗನು ಪರದೆಯ ಮೇಲೆ ನೋಡುವ ಪರದೇಶದ ಬೀದಿಗಳಲ್ಲಿ ಕೆಲವನ್ನಾದರೂ ಈ ಊರಿನವರ ಕೈಯೇ ಚಿತ್ರಿಸಿರಬಹುದು.

ಆ ೧೯೫೮ರ ದುಂಡು ಪರದೆಯೇ ನನಗೆ ಮುಖ್ಯವಾದ ಪಾಠವೊಂದನ್ನು ಹೇಳಿತು. ಸಿನೆಮಾ ಪರದೆಯ ಮುಂದೆ ಕುಳಿತವನು ಪ್ರೇಕ್ಷಕ. ಅವನ ಕೈಗೆ ಕೆಲಸವಿಲ್ಲ. ಸೆಕೆಂಡಿಗೆ ೨೪ ಚಿತ್ರಗಳು ಹಾದುಹೋದರೆ ಅವನಿಗೆ ಸಾಕು. ಕ್ಯಾಮರಾ ಹಿಡಿಯುವ ಪ್ರತಿಯೊಂದು ಚಿತ್ರದಲ್ಲಿಯೂ ಚಲನೆಯ ಮಸುಕು ಸ್ವಲ್ಪ ಸೇರಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಕಣ್ಣು ಜಾರಿಕೊಂಡು ಹೋಗುತ್ತದೆ. ಆಟದ ಪರದೆಯ ಮುಂದೆ ಕುಳಿತವನು ಪ್ರೇಕ್ಷಕನಲ್ಲ, ಪಾತ್ರಧಾರಿ. ಅವನ ಕೈ ಒಂದು ಕೆಲಸವನ್ನು ಮಾಡುತ್ತದೆ. ಅದರ ಫಲ ಕಾಣಿಸುವವರೆಗೆ ಕಣ್ಣು ಕಾಯುತ್ತದೆ. ಕೈಗೂ ಕಣ್ಣಿಗೂ ನಡುವಣ ಆ ಕಾಯುವಿಕೆಯನ್ನು ಎಷ್ಟು ಕಿರಿದುಮಾಡಬಹುದೆಂಬುದೇ ಆಟದ ಮಾನಿಟರಿನ ವಿದ್ಯೆಯ ಅರ್ಧಪಾಲು. ನಾನು ಅಂಗಡಿಯಲ್ಲಿ ಪರದೆಯನ್ನು ನೋಡಿ ಕೊಂಡಿದ್ದೆನು. ಮಗನು ಅದರಲ್ಲಿ ಆಡಬೇಕಾಗಿದ್ದಿತು. ತಪ್ಪು ಆರಂಭವಾದುದು ಅಲ್ಲಿ.

ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪನಾಗಿ ಅಚ್ಚಾಗಿರುವ ಸಂಖ್ಯೆ ಹರ್ಟ್ಸ್‌ಗಳದು. ಪರದೆಯು ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರವನ್ನು ತೋರಬಲ್ಲುದೆಂಬುದೇ ಅದರ ಅರ್ಥ. ೬೦ ಹರ್ಟ್ಸ್‌ನ ಪರದೆಯಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ೧೬.೭ ಮಿಲಿಸೆಕೆಂಡುಗಳು; ೧೪೪ ಆದರೆ ೬.೯, ೨೪೦ ಆದರೆ ೪.೨. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದಾಗ ಅಂಗಡಿಯವರು ಹೇಳದ ಸಂಗತಿಯೊಂದು ತಾನಾಗಿಯೇ ಕಾಣುತ್ತದೆ. ೬೦ರಿಂದ ೧೪೪ಕ್ಕೆ ಏರಿದವನು ಸುಮಾರು ೧೦ ಮಿಲಿಸೆಕೆಂಡುಗಳನ್ನು ಉಳಿಸುತ್ತಾನೆ. ೧೪೪ರಿಂದ ೨೪೦ಕ್ಕೆ ಏರಿದವನು ಉಳಿಸುವುದು ಮೂರಕ್ಕೂ ಕಡಿಮೆ. ಮೊದಲನೆಯ ಮೆಟ್ಟಿಲು ಎತ್ತರವಾದುದು. ಅನಂತರದವು ಗಿಡ್ಡವಾಗುತ್ತ ಹೋಗುತ್ತವೆ, ಬೆಲೆ ಮಾತ್ರ ಗಿಡ್ಡವಾಗುವುದಿಲ್ಲ. ಸ್ಪರ್ಧೆಗಳಲ್ಲಿ ಆಡುವವರಿಗೆ ಆ ಮೂರು ಮಿಲಿಸೆಕೆಂಡುಗಳೂ ಬೇಕಾಗಬಹುದು. ಮನೆಯಲ್ಲಿ ಗೆಳೆಯರೊಡನೆ ಆಡುವ ಹುಡುಗನಿಗೆ ಮೊದಲ ಮೆಟ್ಟಿಲೇ ದೊಡ್ಡ ಲಾಭ.

ಪರದೆಗೆ ವೇಗವಿದ್ದ ಮಾತ್ರಕ್ಕೆ ಆಗಲಿಲ್ಲ. ಅಷ್ಟು ಚಿತ್ರಗಳನ್ನು ರಚಿಸಿ ಕೊಡುವ ಶಕ್ತಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಇರಬೇಕು. ಕಾರ್ಡು ಸೆಕೆಂಡಿಗೆ ೭೦ ಚಿತ್ರಗಳನ್ನು ಮಾತ್ರ ಬರೆಯಬಲ್ಲುದಾದರೆ ೨೪೦ರ ಪರದೆಯು, ಇಬ್ಬರಿಗಾಗಿ ಹಾಸಿದ ಏಳು ಎಲೆಗಳ ಪಂಕ್ತಿಯಂತೆ, ಬರಿದೆ ಕಾದಿರುತ್ತದೆ. ಇನ್ನೊಂದು ತೊಡಕು: ಕಾರ್ಡಿನ ನಡಿಗೆ ಒಂದೇ ಸಮನಾಗಿರುವುದಿಲ್ಲ. ಬಯಲಿನ ದೃಶ್ಯದಲ್ಲಿ ಓಡುತ್ತದೆ, ಹೊಗೆ ಬೆಂಕಿಗಳ ದೃಶ್ಯದಲ್ಲಿ ಕುಂಟುತ್ತದೆ. ಪರದೆಯು ತನ್ನ ತಾಳವನ್ನೇ ಹಿಡಿದು ಹೊರಟರೆ, ಹಳೆಯ ಚಿತ್ರದ ಮೇಲರ್ಧವೂ ಹೊಸ ಚಿತ್ರದ ಕೆಳಗರ್ಧವೂ ಒಟ್ಟಿಗೆ ಕಾಣಿಸಿಕೊಂಡು ನಡುವೆ ಹರಿದಂತಾಗುತ್ತದೆ. ಇದಕ್ಕೆ ಪರಿಹಾರವಾಗಿ ೨೦೧೩ರಲ್ಲಿ ಎನ್‌ವಿಡಿಯಾ ಕಂಪನಿಯು ಜಿ-ಸಿಂಕ್ ಎಂಬ ಏರ್ಪಾಟನ್ನು ಪ್ರಕಟಿಸಿತು, ೨೦೧೫ರಲ್ಲಿ ಎ.ಎಂ.ಡಿ. ಕಂಪನಿಯ ಫ್ರೀಸಿಂಕ್ ಇರುವ ಮಾನಿಟರುಗಳು ಬಂದವು. ಹೆಸರು ಬೇರೆಯಾದರೂ ತತ್ತ್ವ ಒಂದೇ. ಹಾಡುಗಾರನು ಒಂದು ಸ್ವರದ ಮೇಲೆ ಅರೆಕ್ಷಣ ನಿಂತರೆ ಒಳ್ಳೆಯ ಮೃದಂಗದವನೂ ನಿಲ್ಲುತ್ತಾನಲ್ಲವೆ? ಹಾಗೆಯೇ ಕಾರ್ಡು ಚಿತ್ರವನ್ನು ಮುಗಿಸುವವರೆಗೆ ಪರದೆಯು ಕಾಯುತ್ತದೆ. ಮಧ್ಯಮ ದರ್ಜೆಯ ಯಂತ್ರವುಳ್ಳವರು ಇನ್ನೂ ಐವತ್ತು ಹರ್ಟ್ಸ್‌ಗಳಿಗೆ ಹಣ ಸುರಿಯುವುದಕ್ಕಿಂತ ಈ ಗುಣವಿದೆಯೇ ಎಂದು ಕೇಳಿ ತಿಳಿಯುವುದು ಮೇಲು.

ಇನ್ನು ಗಾತ್ರದ ವಿಚಾರ. ನಾನು ಎಡವಿದುದು ಇಲ್ಲಿಯೇ. ಪರದೆಯ ಚಿತ್ರವೆಲ್ಲ ಪಿಕ್ಸೆಲ್‌ಗಳೆಂಬ ಚುಕ್ಕೆಗಳಿಂದ ಆದುದು. ಸಾಮಾನ್ಯವಾದ ೧೯೨೦ × ೧೦೮೦ರ ಪರದೆಯಲ್ಲಿ ಅಂಥವು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಪರದೆ ೨೪ ಅಂಗುಲದ್ದಾಗಲಿ ೩೨ ಅಂಗುಲದ್ದಾಗಲಿ ಚುಕ್ಕೆಗಳ ಸಂಖ್ಯೆ ಅಷ್ಟೇ; ದೊಡ್ಡದರಲ್ಲಿ ಅವು ದಪ್ಪನಾಗುತ್ತವೆ. ೨೪ ಅಂಗುಲದಲ್ಲಿ ಅಂಗುಲಕ್ಕೆ ೯೨ ಚುಕ್ಕೆಗಳು. ೩೨ ಅಂಗುಲದಲ್ಲಿ ೬೯ ಮಾತ್ರ. ಬೇರೆಯವರಿಗೆ ಇದು ಒಣ ಲೆಕ್ಕವಾಗಿ ಕಾಣಬಹುದು. ಕನ್ನಡವನ್ನು ಓದುವವರಿಗೆ ಅಲ್ಲ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಒತ್ತು, ಬದಿಗೆ ದೀರ್ಘ, ತಲೆಯ ಮೇಲೆ ಕಟ್ಟು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ಆ ದೊಡ್ಡ ಪರದೆಯಲ್ಲಿ ಹತ್ತಿರದಿಂದ ನೋಡಿದಾಗ ಕೆಳಗಿನ ಒತ್ತುಗಳು ಕಲಸಿದ ಶಾಯಿಯ ತೊಟ್ಟುಗಳಂತೆ ಕಂಡಿದ್ದವು. ನನ್ನ ಕನ್ನಡಕದ ದೋಷವಿರಬೇಕೆಂದು ಕಣ್ಣಿನ ವೈದ್ಯರ ಬಳಿಗೂ ಹೋಗಿ ಬಂದಿದ್ದೆನು!

ಚುಕ್ಕೆಗಳು ಕಾಣುವುದೂ ಕಾಣದಿರುವುದೂ ನಾವು ಕುಳಿತ ದೂರವನ್ನು ಅವಲಂಬಿಸಿದೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿ, ಅದರ ಒಂದು ಪಾಲಿನಷ್ಟು ಸಣ್ಣದನ್ನು ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲುದು. ಆ ಲೆಕ್ಕದಂತೆ ನಾನು ತಂದ ದೊಡ್ಡ ಪರದೆಯ ಚುಕ್ಕೆಗಳು ಕಣ್ಣಿಗೆ ಮರೆಯಾಗಬೇಕಾದರೆ ನಾಲ್ಕು ಅಡಿಗಿಂತ ಹಿಂದೆ ಕುಳಿತಿರಬೇಕು. ನಮ್ಮ ಮನೆಯ ಮೇಜಿನ ಅಗಲವೇ ಎರಡು ಅಡಿ. ಕುರ್ಚಿಯ ಹಿಂದೆ ಗೋಡೆ. ಮಗನು ತಲೆಯನ್ನು ಹೊರಳಿಸದೆ ಪರದೆಯ ಮೂಲೆಯ ಪುಟ್ಟ ನಕ್ಷೆಯನ್ನು ನೋಡಲಾರನಾಗಿದ್ದನು. ಅವನು ಆಡುವ ವ್ಯಾಲೊರೆಂಟ್ ಎಂಬ ಆಟದಲ್ಲಿ ಐವರ ಎದುರು ಐವರು. ನಕ್ಷೆಯತ್ತ ಒಂದು ಓರೆನೋಟವು ತಡವಾದರೆ ಆಟ ಮುಗಿಯಿತು. ಅಟ್ಟದಿಂದ ಹಳೆಯ ಚಿಕ್ಕ ಮಾನಿಟರು ರಾತ್ರಿ ಏಕೆ ಇಳಿಯುತ್ತಿದ್ದಿತೆಂಬುದು ಎರಡು ವರ್ಷಗಳ ಮೇಲೆ ನನಗೆ ಅರ್ಥವಾಯಿತು.

೨೭ ಅಂಗುಲದ ಪರದೆಯು ಬೇಕೆನ್ನುವವರು ೨೫೬೦ × ೧೪೪೦ ಚುಕ್ಕೆಗಳಿರುವುದನ್ನು ಕೊಳ್ಳುವುದು ಯೋಗ್ಯ. ಅದರಲ್ಲಿ ಅಂಗುಲಕ್ಕೆ ೧೦೯ ಚುಕ್ಕೆಗಳಿದ್ದು ಅಕ್ಷರಗಳು ಮುದ್ರಣದಂತೆ ತಿಳಿಯಾಗಿರುತ್ತವೆ. ಆದರೆ ಚುಕ್ಕೆಗಳು ಸುಮಾರು ೩೭ ಲಕ್ಷವಾಗುವುದರಿಂದ ಕಾರ್ಡಿನ ಹೊರೆಯೂ ಆ ಪ್ರಮಾಣದಲ್ಲಿ ಏರುತ್ತದೆ. ೩೮೪೦ × ೨೧೬೦ ಎಂದರೆ ೮೩ ಲಕ್ಷ. ಅದು ಬಹಳ ಬಲವಾದ ಯಂತ್ರವುಳ್ಳವರ ಮಾತು.

ಪರದೆಯ ಜಾತಿಗಳೂ ಹಲವು. ಟಿ.ಎನ್. ಎಂಬುದು ಹಳೆಯದು, ಚುರುಕಾದುದು. ಆದರೆ ಪಕ್ಕದಿಂದ ನೋಡಿದರೆ ಬಣ್ಣಗೆಡುತ್ತದೆ. ವಿ.ಎ. ಎಂಬುದರಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಕತ್ತಲೆ ಕೋಣೆಯ ಸಿನೆಮಾಕ್ಕೆ ಒಳ್ಳೆಯದು. ಆದರೆ ಅಗ್ಗದ ವಿ.ಎ. ಪರದೆಗಳಲ್ಲಿ ಕಪ್ಪಿನಿಂದ ಬೂದಿಗೆ ತಿರುಗುವುದು ನಿಧಾನವಾಗಿ, ಓಡುವ ಆಕೃತಿಯ ಹಿಂದೆ ಒದ್ದೆ ಬಣ್ಣವನ್ನು ಬೆರಳಿನಿಂದ ಒರೆಸಿದಂತೆ ಬಾಲವು ಕಾಣುತ್ತದೆ. ನಾನು ತಂದಿದ್ದುದು ಇದೇ ಜಾತಿಯದು. ಐ.ಪಿ.ಎಸ್. ಎಂಬುದರಲ್ಲಿ ಬಣ್ಣವು ಯಾವ ಕಡೆಯಿಂದಲೂ ಸ್ಥಿರ, ಈಚಿನವುಗಳಲ್ಲಿ ಚುರುಕೂ ಉಂಟು. ಕಪ್ಪು ಮಾತ್ರ ಸ್ವಲ್ಪ ಬೂದಿ. ಓಲೆಡ್ ಎಂಬುದರಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪೂ ಪೂರ್ಣ, ವೇಗವೂ ಅಪಾರ, ಬೆಲೆಯೂ ಹಾಗೆಯೇ. ಅಲುಗದೆ ನಿಂತ ಚಿತ್ರವು ಬಹುಕಾಲ ಇದ್ದರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡುವ ಭಯವೂ ಉಂಟು. ಯಾವುದು ಉತ್ತಮವೆಂಬುದನ್ನು ಆಟವೇ ಹೇಳಬೇಕು. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯವರು ೨೦೨೦ರಲ್ಲಿ ಹೊರತಂದ ‘ರಾಜಿ’ ಎಂಬ ಆಟವನ್ನು ಮಗನು ನನಗೆ ತೋರಿಸಿದನು. ಕಾಣೆಯಾದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ಕೋಟೆ, ದೇಗುಲ, ಭಿತ್ತಿಚಿತ್ರಗಳ ಲೋಕ. ಅಂಥದಕ್ಕೆ ಬಣ್ಣವೂ ಚುಕ್ಕೆಗಳ ದಟ್ಟಣೆಯೂ ಮೊದಲು, ವೇಗ ಆಮೇಲೆ. ಐವರ ಎದುರು ಐವರ ಆಟಕ್ಕೆ ವೇಗವೇ ಮೊದಲು.

ಪೆಟ್ಟಿಗೆಯ ಮೇಲಿನ ಬಿರುದುಗಳ ವಿಷಯದಲ್ಲಿ ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗಿನ ಎಚ್ಚರವೇ ಇರಬೇಕು. ‘೧ ಮಿಲಿಸೆಕೆಂಡು’ ಎಂಬುದು ಅತ್ಯಂತ ಅನುಕೂಲವಾದ ಸ್ಥಿತಿಯಲ್ಲಿ ಅಳೆದುದಾಗಿರುವುದುಂಟು. ಆ ಸ್ಥಿತಿಯನ್ನು ಮನೆಯಲ್ಲಿ ಆಯ್ದುಕೊಂಡರೆ ಚಿತ್ರದ ಅಂಚಿನಲ್ಲಿ ಬಿಳಿಯ ಪ್ರೇತಛಾಯೆಯೊಂದು ಹಿಂಬಾಲಿಸುವುದೂ ಉಂಟು. ‘ಎಚ್.ಡಿ.ಆರ್.’ ಎಂಬ ಮೂರಕ್ಷರಗಳು ಅಗ್ಗದ ಮಾನಿಟರಿನ ಮೇಲಿದ್ದರೆ, ಅಂಥ ಚಿತ್ರದ ಸಂಕೇತವನ್ನು ಅದು ಸ್ವೀಕರಿಸುತ್ತದೆಂದು ತಿಳಿಯಬೇಕೇ ಹೊರತು, ಅದರ ವೈಭವವನ್ನು ತೋರಿಸುತ್ತದೆಂದಲ್ಲ.

ಇಷ್ಟನ್ನು ಓದಿಕೊಂಡು ಒಂದು ಶನಿವಾರ ತಂದೆಮಕ್ಕಳು ಹೊರಟೆವು. ಕತ್ರಿಗುಪ್ಪೆಯ ನೀರಿನ ಟ್ಯಾಂಕಿನ ಬಳಿ ಬಸ್ಸು ಹಿಡಿದು ಬನಶಂಕರಿಗೆ, ಅಲ್ಲಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ, ಅಲ್ಲಿಂದ ಕಾಲ್ನಡಿಗೆಯಲ್ಲಿ ಸಾದರ ಪತ್ರಪ್ಪ ರಸ್ತೆಗೆ. ಬೆಂಗಳೂರಿನ ಕಂಪ್ಯೂಟರುಗಳ ಬಿಡಿಭಾಗಗಳೆಲ್ಲ ಕಲೆತಿರುವ ಆ ಇಕ್ಕಟ್ಟಾದ ರಸ್ತೆಯಲ್ಲಿ ತಂತಿ, ಪೆಟ್ಟಿಗೆ, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಮೂರು ನಾಲ್ಕು ಅಂಗಡಿಗಳನ್ನು ಹತ್ತಿ ಇಳಿದೆವು. ಅಂಗಡಿಯ ಪ್ರಖರವಾದ ದೀಪಗಳಲ್ಲಿ ಎಲ್ಲ ಪರದೆಗಳೂ ಹೂವಿನ ತೋಟದ ಚಿತ್ರವನ್ನೇ ತೋರುತ್ತವೆ, ಎಲ್ಲವೂ ಸುಂದರವೇ. ಮಗನು ಬೇರೊಂದು ಪರೀಕ್ಷೆಯನ್ನು ಕೇಳಿದನು. ಪರದೆಯ ತುಂಬ ಬರಿಯ ಬಿಳಿ, ಆಮೇಲೆ ಬರಿಯ ಕಪ್ಪು. ಬಿಳಿಯಲ್ಲಿ ಸತ್ತ ಚುಕ್ಕೆ ಕಾಣುತ್ತದೆ. ಕಪ್ಪಿನಲ್ಲಿ ಮೂಲೆಗಳಿಂದ ಸೋರುವ ಬೆಳಕು ಕಾಣುತ್ತದೆ. ಆಮೇಲೆ ಅಕ್ಷರಗಳಿರುವ ಪುಟವೊಂದನ್ನು ಮೇಲೆ ಕೆಳಗೆ ಸರಿಸಿ, ಸರಿಯುವಾಗಲೂ ಓದಲಾಗುತ್ತದೆಯೇ ಎಂದು ನೋಡಿದನು. ಸತ್ತ ಚುಕ್ಕೆಗಳು ಎಷ್ಟಿದ್ದರೆ ಬದಲಾಯಿಸಿಕೊಡುತ್ತೀರೆಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲು ಹೇಳಿದನು. ಕಾಲಿನ ಎತ್ತರವನ್ನು ಏರಿಸಿ ಇಳಿಸಬಹುದೇ ಎಂದೂ ಕೇಳಿದನು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿದ್ದರೆ ಕತ್ತಿಗೆ ಹಿತವಷ್ಟೆ. ನಾನು ಹಿಂದೆ ನಿಂತು ಕೇಳುತ್ತಿದ್ದೆನು.

ಕೊನೆಗೆ ಎರಡು ಉಳಿದವು. ಒಂದು, ೨೪ ಅಂಗುಲದ ಐ.ಪಿ.ಎಸ್., ೧೬೫ ಹರ್ಟ್ಸ್. ಅವನ ಹಣಕ್ಕೆ ಸರಿಹೋಗುವಂಥದು. ಇನ್ನೊಂದು ೨೭ ಅಂಗುಲದ, ೨೫೬೦ × ೧೪೪೦ರದು. ಅಕ್ಷರಗಳು ಮುತ್ತಿನಂತಿದ್ದವು, ಬೆಲೆ ಮೊದಲನೆಯದರ ಇಮ್ಮಡಿಗೆ ಹತ್ತಿರ. “ಇದನ್ನೇ ತೆಗೆದುಕೊ, ಉಳಿದುದನ್ನು ನಾನು ಕೊಡುತ್ತೇನೆ” ಎಂದೆನು. ಕೈ ಆಗಲೇ ಜೇಬಿಗೆ ಹೋಗಿದ್ದಿತು. ಎರಡು ವರ್ಷದ ಹಿಂದಿನ ತಪ್ಪನ್ನು ಒಂದೇ ಏಟಿಗೆ ತೊಳೆದುಕೊಳ್ಳುವ ಅವಸರ. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಅಪ್ಪಾ, ನನ್ನ ಕಾರ್ಡು ಇದನ್ನು ಎಳೆಯಲಾರದು. ಚಿತ್ರ ಚೆನ್ನಾಗಿರುತ್ತದೆ, ಆಟ ಕುಂಟುತ್ತದೆ. ಆಮೇಲೆ ಕಾರ್ಡನ್ನೂ ಕೊಡಿಸುತ್ತೇನೆ ಎನ್ನುತ್ತೀರಿ.” ಹಾಗೆ ಎನ್ನಲು ನಾನು ನಿಜವಾಗಿಯೂ ಬಾಯಿ ತೆರೆದಿದ್ದೆನು. ಓದಿಕೊಂಡು ಬಂದುದೆಲ್ಲ ಒಂದು ಗಳಿಗೆಯಲ್ಲಿ ಮರೆತುಹೋಗಿ, ಮತ್ತೆ ಕೊಡುವವನ ಆತ್ಮವಿಶ್ವಾಸವೇ ತಲೆಯೆತ್ತಿದ್ದಿತು. ಜೇಬಿನಿಂದ ಕೈಯನ್ನು ತೆಗೆದೆನು. ಅವನು ತನ್ನ ಹಣವನ್ನು ತಾನೇ ಎಣಿಸಿ ಕೊಟ್ಟು ೨೪ ಅಂಗುಲದ್ದನ್ನು ಕೊಂಡನು. ಹಿಂದಿರುಗುವಾಗ ಪೆಟ್ಟಿಗೆಯನ್ನು ಹೊರುವ ಅವಕಾಶ ಮಾತ್ರ ನನಗೆ ದೊರೆಯಿತು.

ಮನೆಯಲ್ಲಿ ಜೋಡಿಸಿ ಎರಡು ದಿನ ಆಡಿದ ಮೇಲೆ ಅವನ ಮುಖ ಸಪ್ಪಗಿದ್ದಿತು. “ಅಷ್ಟೇನೂ ವ್ಯತ್ಯಾಸ ಕಾಣುತ್ತಿಲ್ಲ” ಎಂದನು. ಈ ಸಲ ಮರೆಮಾಡದೆ ಹೇಳಿದನೆಂಬುದೇ ನನಗೆ ಸಮಾಧಾನ. ಓದಿದ್ದುದರಲ್ಲಿ ಒಂದು ಸಾಲು ನನಗೆ ಆಗ ನೆನಪಾಯಿತು. ಪರದೆಯು ೧೬೫ರ ವೇಗದ್ದಾದರೂ ಕಂಪ್ಯೂಟರು ಅನೇಕ ವೇಳೆ ತಾನಾಗಿ ೬೦ರಲ್ಲಿಯೇ ನಡೆಸುತ್ತಿರುತ್ತದೆ. ನಾವು ಹೇಳಿದ ಹೊರತು ಬದಲಾಯಿಸುವುದಿಲ್ಲ. ಮೊದಲು ತಂತಿಯನ್ನು ನೋಡಿದೆವು. ಅದು ಗ್ರಾಫಿಕ್ಸ್ ಕಾರ್ಡಿನ ಡಿಸ್‌ಪ್ಲೇ ಪೋರ್ಟಿಗೇ ಸೇರಿದ್ದಿತು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಒಂದೊಂದೇ ಬಾಗಿಲನ್ನು ತೆರೆಯುತ್ತ ಹೋದಾಗ, ಒಳಗೆ ೬೦ ಎಂಬ ಅಂಕೆಯು ಏನೂ ಅರಿಯದಂತೆ ಕುಳಿತಿದ್ದಿತು. ನಾನೇ ಅದನ್ನು ೧೬೫ಕ್ಕೆ ಬದಲಾಯಿಸಿದೆನು. ಬರಿಯ ಬಾಣದ ಗುರುತು ಪರದೆಯ ಮೇಲೆ ಚಲಿಸುವುದರಲ್ಲಿಯೇ ವ್ಯತ್ಯಾಸವು ಕಂಡಿತು. ಜಲ್ಲಿರಸ್ತೆಯಿಂದ ಟಾರುರಸ್ತೆಗೆ ಬಂದ ಸೈಕಲ್ಲಿನಂತೆ. ಮಗನು ತಿರುಗಿ ನನ್ನನ್ನು ನೋಡಿದನು. ಆ ನೋಟವನ್ನು ನಾನು ಎರಡು ವರ್ಷಗಳ ಹಿಂದೆ ೩೨ ಅಂಗುಲಗಳಿಗೆ ಕೊಂಡುಕೊಳ್ಳಲು ಹೋಗಿದ್ದೆನು.

ಆ ದೊಡ್ಡ ಪರದೆಯ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿದೆವು. ಕುರ್ಚಿಗೂ ಅದಕ್ಕೂ ಎಂಟು ಅಡಿಗಳ ಅಂತರ. ಅಷ್ಟು ದೂರದಿಂದ ಅದರ ಚುಕ್ಕೆಗಳು ಕಾಣುವುದಿಲ್ಲ. ಸಂಜೆ ದೀಪವನ್ನು ಆರಿಸಿದರೆ ಅದರ ಕಪ್ಪು ನಿಜವಾಗಿಯೂ ಸೊಗಸು. ಮೊನ್ನೆ ನಾನೂ ನನ್ನ ಹೆಂಡತಿಯೂ ಅದರಲ್ಲಿ ೧೯೭೧ರ ‘ಕಸ್ತೂರಿ ನಿವಾಸ’ವನ್ನು ನೋಡುತ್ತಿದ್ದೆವು. ಮಗನು ಆಟದ ನಡುವೆ ಎದ್ದು ಬಂದವನು ಕುರ್ಚಿಯ ಹಿಂದೆ ನಿಂತು, “ಇಲ್ಲಿಂದ ಚೆನ್ನಾಗಿ ಕಾಣುತ್ತದಪ್ಪಾ” ಎಂದನು. ಆಗ ನಾನು, ಎರಡು ವರ್ಷಗಳ ಹಿಂದೆ ಒಂದು ರಾತ್ರಿ ನೀರು ಕುಡಿಯಲು ಎದ್ದಿದ್ದೆನೆಂದು ಹೇಳಿದೆನು.